ಬಟ್ಟೆ ತಂತಿ ನೋಡಿ ಕೊಂಡ ಸೈಟು

ಅಪ್ಪಾ,

ಇವತ್ತು ಸೈಟಿಗೆ ಮುಂಗಡ ಕೊಟ್ಟೆ. ದಲ್ಲಾಳಿ ಅಗಲ ರಸ್ತೆಯ ಜಾಗ ತೋರಿಸಿದ. ನಾನು ಹಿಂದಿನ ಓಣಿಗೆ ಹೋಗಿ, ಒಣಹಾಕಿದ್ದ ಮಕ್ಕಳ ಬಟ್ಟೆ ಎಣಿಸುತ್ತ ನಿಂತೆ.

"ಏನಮ್ಮ, ಸೈಟು ನೋಡೋಕೆ ಬಂದ್ಯೋ, ಇಸ್ತ್ರಿಗೆ ಬಟ್ಟೆ ಕೇಳೋಕೆ ಬಂದ್ಯೋ?" ಎಂದ.

ಹಾಲು ಹಾಕಲು ಹೋಗುವಾಗ ನೀನು ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದೆ, "ಮಗಳೇ, ತಂತಿ ಮೇಲೆ ಪುಟ್ಟ ಚಡ್ಡಿ ಹೆಚ್ಚಾದ್ರೆ ಆ ಬೀದಿ ಬೆಳೆಯುತ್ತೆ. ಅಲ್ಲೇ ಜಾಗ ತಗೋಬೇಕು."

ಹಾಗೆ ಆರಿಸಿದ ಜಾಗದ ಮಾತನ್ನು ನೀನು ಮನೆಯಲ್ಲಿ ಎತ್ತಿದ ದಿನ, ದೊಡ್ಡಪ್ಪ "ಚಡ್ಡಿ ಜ್ಯೋತಿಷಿ" ಎಂದು ನಕ್ಕರು. ನೀನು ನನ್ನ ಮುಖ ನೋಡಿದೆ. ಬೀದಿಬೀದಿಯ ಲೆಕ್ಕ ನನಗೆ ಬಾಯಿಪಾಠವಿತ್ತು. ನಾನು ಬಾಗಿಲ ಹಿಂದೆ ಸರಿದೆ. ನೀನು ಆ ಜಾಗ ಕೊಳ್ಳಲೇ ಇಲ್ಲ. ಈಗ ಆ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ.

ಇವತ್ತು ಆ ಓಣಿಯ ಸೈಟಿಗೇ ಮುಂಗಡ ಕೊಡುತ್ತ ದಲ್ಲಾಳಿಗೆ ಗಟ್ಟಿಯಾಗಿಯೇ ಹೇಳಿದೆ, "ಇದು ನಮ್ಮಪ್ಪ ಕಲಿಸಿದ ಲೆಕ್ಕ ಕಣಣ್ಣ." ಕೇಳಲು ಅವನೊಬ್ಬನೇ ಇದ್ದ.