ಬಾರದ ಲಕಾರ

ಯಲ್ಲಾಪುರ
೯ ನವೆಂಬರ್ ೨೦೨೫

ಪ್ರೀತಿಯ ಸಂಜಯ,

ಹೇಗಿದ್ದೀಯ? ಸಿದ್ದಾಪುರದಲ್ಲಿ ಮನೆಮಂದಿಯೆಲ್ಲ ಆರಾಮ ಎಂದುಕೊಂಡಿದ್ದೇನೆ. ನೀನು ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ಬೈದುಕೊಂಡಿರುತ್ತೀಯ. ಸಿಟ್ಟಾಗಬೇಡ. ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ಎಂದು ನಾಲಗೆಯ ಮುಂದಿನ ಭಾಗ ತೆಗೆದ ಮೇಲೆ, ನನ್ನ ಮಾತು ಬಾಯಿ ತುಂಬ ಅನ್ನ ಇಟ್ಟುಕೊಂಡವನ ಹಾಗೆ ಕೇಳುತ್ತದೆ. ಕಾಗದದಲ್ಲಾದರೆ ನಾನು ಹಳೆಯ ಸತೀಶನೇ.

ನೋಡಲು ಬರುವವರಿಗೇನೂ ಕಡಿಮೆಯಿಲ್ಲ. ಬಂದವರ ಮುಂದೆ ಕವಳದ ಬಟ್ಟಲು ಇಡದಿದ್ದರೆ ಹೇಗೆ ಎಂದು ನನ್ನ ಹೆಂಡತಿ ನೇತ್ರಾ ಇಡುತ್ತಾಳೆ. ಪಕ್ಕದ ಮನೆಯ ಶಾಂತಾರಾಮ ವೀಳ್ಯದೆಲೆಗೆ ಸುಣ್ಣ ಸವರುತ್ತ, "ಈ ಕವಳ ಭಾಳ ಕೆಟ್ಟದ್ದು ಮಾಸ್ತರೆ, ಎಲ್ರೂ ಬಿಡ್ಬೇಕು," ಎಂದು ಹೇಳಿ, ಹೊಗೆಸೊಪ್ಪು ಸೇರಿಸಿ ಬಾಯಿಗೆ ತುರುಕಿಕೊಂಡ. ನಗು ಬಂತು. ನಕ್ಕರೆ ಜೊಲ್ಲು ಸುರಿಯುತ್ತದೆ, ಹಾಗಾಗಿ ನಗಲಿಲ್ಲ.

ನಮ್ಮ ವಸತಿ ಶಾಲೆಯವರು ಮಾತು ಸರಿಯಾದ ಮೇಲೆ ಬನ್ನಿ ಎಂದಿದ್ದರು. ಶಿರಸಿಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ, "ನಿಮಗೆ ಇಷ್ಟ ಇರೋ ಒಂದು ಪದ ತಗೊಳ್ಳಿ ಸರ್, ಬಿಡಿಸಿ ಬಿಡಿಸಿ ಹೇಳಿ," ಎಂದರು. ಇಷ್ಟು ವರ್ಷ ಫ್ರೆಂಚ್ ಕಲಿಸಿದವನಿಗೆ ಹೊಳೆದದ್ದು ‘ಪಾರ್ಲರ್ಯೊಂ’. ಒಂದೇ ಕ್ರಿಯಾಪದ, ‘ಸಾಧ್ಯವಾಗಿದ್ದರೆ ನಾವು ಮಾತಾಡುತ್ತಿದ್ದೆವು’ ಎಂಬಷ್ಟೂ ಅದರೊಳಗಿದೆ. ‘ಪಾರ್ಲ್’ ಧಾತು, ಅದು ಮಾತು. ಹಿಂದೆ ಸೇರುವ ಪ್ರತ್ಯಯಗಳು ‘ಆಗಿದ್ದರೆ’ ಎನ್ನುತ್ತವೆ, ‘ನಾವು’ ಎನ್ನುತ್ತವೆ. ಕೊನೆಯಲ್ಲೊಂದು ಎಸ್ ಇದೆ, ಅದು ಬರೆಯುವುದಕ್ಕೆ ಮಾತ್ರ.

ಬಿಡಿಸಿದರೆ ಮೂರು ತುಂಡು. ‘ಪಾರ್’ ತುಟಿಯಿಂದ ಹೊರಡುತ್ತದೆ. ಅವರ ರಕಾರ ಗಂಟಲಿನದು, ನಮ್ಮದಕ್ಕೆ ಬೇಕಾದ ಹಾಗೆ ನಾಲಗೆಯ ತುದಿ ಬೇಡ. ‘ರ್ಯೊಂ’ ಮೂಗಿನಲ್ಲಿ ಮುಗಿಯುತ್ತದೆ. ಎರಡೂ ಬಂದವು, ಖುಷಿಯಾಯಿತು. ನಡುವಿನ ‘ಲ’ಕ್ಕೆ ನಾಲಗೆ ಹಲ್ಲಿನ ಹಿಂದೆ ತಾಗಬೇಕು. ತಾಗಿಸಲು ನನ್ನಲ್ಲಿ ಏನೂ ಉಳಿದಿಲ್ಲ. ದೀಪಾವಳಿಯವರೆಗೂ ದಿನಾ ಕನ್ನಡಿಯ ಮುಂದೆ ಕೂತೆ. ಕೊನೆಗೆ ಡಾಕ್ಟರಮ್ಮನೇ, "ಇದಕ್ಕಿಂತ ಹೆಚ್ಚು ಬರೂದಿಲ್ಲ ಸರ್. ನಿಮ್ಮ ಹತ್ರ ಸುಳ್ಳು ಹೇಳೂಕೆ ಮನಸಿಲ್ಲ," ಎಂದರು. ಇನ್ನು ಬರುವುದಿಲ್ಲ ಎಂದು ಶಾಲೆಗೆ ತಿಳಿಸಿದೆ. ಬೇಜಾರಾಗಿದೆ ಮಾರಾಯ, ತುಂಬ.

ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ನೀನು ಚೆನ್ನಾಗಿರು, ಬಾಯಿ ತುಂಬ ಮಾತಾಡಿಕೊಂಡಿರು.

ನಿನ್ನ
ಸತೀಶ

ತಾ.ಕ.: ಕಳೆದ ವರ್ಷ ಶಾಲೆಯವರು ನನ್ನ ಪಾಠಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿದ್ದರು. ನೇತ್ರಾಗೆ ಫ್ರೆಂಚಿನ ಗಂಧಗಾಳಿಯಿಲ್ಲ. ಆದರೂ ಅಡುಗೆಮನೆಯಲ್ಲಿ ದೋಸೆ ಹೊಯ್ಯುವಾಗ ಅದನ್ನೇ ಹಾಕಿಕೊಂಡು ಕೇಳುತ್ತಾಳೆ. ನಾನು ಒಳಗೆ ಹೋಗಿ ಬಾಯಿ ತೆರೆದರೆ ಪಾಪ, ತಟ್ಟನೆ ಆರಿಸಿ, "ಎಂತ ಹೇಳಿ," ಎನ್ನುತ್ತಾಳೆ. ನಾನು ಹೇಳಿದ್ದು ಅವಳಿಗೆ ತಿಳಿಯುವುದಿಲ್ಲ. ಈಗ ನಾನು ಹೋಗುವುದನ್ನೇ ಬಿಟ್ಟಿದ್ದೇನೆ. ಅವಳು ಗಂಡನ ದನಿ ಕೇಳುತ್ತಿರುವಾಗ ನಡುವೆ ನಾನ್ಯಾಕೆ ಬಾಯಿ ಹಾಕಲಿ.