ಕೊನೆಗೆ ಉಣ್ಣುವವಳು

ಮಾನ್ಯ ಮೇಡಂ,

ನಿಮ್ಮ ‘ಬದಲಾವಣೆ’ ಪಾಠಕ್ಕೆ ಬರುವ ಹುಡುಗಿಯೊಬ್ಬಳ ಅಪ್ಪ ನಾನು, ಟೈಲರ್. ಗಣಿತ, ವಿಜ್ಞಾನ, ಸಮಾಜ ಎಲ್ಲವನ್ನೂ ಬಳಸಿ ಮನೆಯಲ್ಲೊಂದು ಬದಲಾವಣೆ ತರಲು ಹೇಳಿದ್ದೀರಂತೆ. ಅಮ್ಮ ಕೊನೆಗೆ ಉಣ್ಣುತ್ತಾಳೆ, ಅದೂ ಉಳಿದದ್ದನ್ನು ಎಂದು ಮಗಳು ಚಾರ್ಟ್ ಬರೆದು ಗೋಡೆಗೆ ಅಂಟಿಸಿದಳು. ಈಗ ಮೊದಲ ತಟ್ಟೆ ನನ್ನ ಹೆಂಡತಿಗೆ. ಬಡಿಸುವವನು ನಾನು, ಅರ್ಧ ತಟ್ಟೆಗೆ, ಅರ್ಧ ನೆಲಕ್ಕೆ.

ನಿನ್ನೆ ಮಗಳು, “ಅಮ್ಮಾ, ನಾಳೆ ನಿಂಗಿಷ್ಟವಾದದ್ದೇ ಮಾಡೋಣ. ಏನು ಬೇಕು ಹೇಳು” ಅಂದಳು. ನನ್ನ ಹೆಂಡತಿ ಯೋಚಿಸಿ ನೋಡಿ, “ಗೊತ್ತಾಗ್ತಿಲ್ಲಮ್ಮಾ” ಎಂದು ಕಣ್ಣೊರೆಸಿಕೊಂಡಳು. ಮಗಳು ನನ್ನತ್ತ ತಿರುಗಿ, “ಅಪ್ಪಾ, ನಿಂಗಾದ್ರೂ ಗೊತ್ತಾ?” ಅಂದಳು. ಇಡೀ ಬೀದಿಯವರ ಅಳತೆ ಬಾಯಿಪಾಠವಿರುವ ನಾನು ಕೊರಳಲ್ಲಿದ್ದ ಟೇಪನ್ನೇ ಹುಡುಕತೊಡಗಿದೆ.

ಚಾರ್ಟಿನಲ್ಲಿ ‘ಅಮ್ಮನಿಗೆ ಇಷ್ಟವಾದದ್ದು’ ಎಂಬ ಜಾಗ ಇನ್ನೂ ಖಾಲಿಯಿದೆ. ಅಂಕ ಕಳೆಯಬೇಡಿ, ಇನ್ನೊಂದು ವಾರ ಕೊಡಿ. ನನ್ನವಳು ನೆನಪು ಮಾಡಿಕೊಳ್ಳುತ್ತಿದ್ದಾಳೆ.

ಇಂತಿ,
ಹುಡುಗಿಯ ಅಪ್ಪ