ಒಂಬತ್ತು ಏಣಿನ ದಂತಚಿಪ್ಪು

ಸೆಪ್ಟೆಂಬರ್ 24, 2025. ಶಿಕಾರಿಪುರ

ಮತ್ತೆ ಎಣಿಸಿದೆ. ಚಿಪ್ಪಿನ ತುದಿಯಲ್ಲಿ ಒಂಬತ್ತು ಏಣು, ಅಂದರೆ ಉಬ್ಬುಗೆರೆ; ಬಾಯಿಯ ಕಡೆ ಹದಿನೆಂಟು. ಮೂರು ದಿನ, ಮೂರು ಸಲ, ಅದೇ ಲೆಕ್ಕ. ಕಾಲೇಜಿನ ಲ್ಯಾಬಿನ ಲೆನ್ಸಿಗೆ ಬೂಷ್ಟು ಹಿಡಿದಿದೆ. ಆದರೂ ಸಾಕು.

ತಮಿಳುನಾಡಿನ ಅರಿಯಲೂರಿನ ಸುಣ್ಣಕಲ್ಲಿನ ಗಣಿಗುಂಡಿಯಲ್ಲಿ ಸಿಕ್ಕ ಹನ್ನೊಂದು ದಂತಚಿಪ್ಪುಗಳಲ್ಲಿ ತುದಿ ಮುರಿಯದ್ದು ಇದೊಂದೇ. ಎರಡೂ ಕಡೆ ತೆರೆದ ಕೊಳವೆ, ಕಿರುಬೆರಳಿನಷ್ಟು. ಏಳು ಕೋಟಿ ವರ್ಷದ ಹಿಂದೆ ಕಡಲ ಕೆಸರಿನಲ್ಲಿ ತಲೆಕೆಳಗಾಗಿ ಹುಗಿದುಕೊಂಡು ಬದುಕಿದ್ದ ಪ್ರಾಣಿಯದು. ಹೊಸ ಪ್ರಭೇದ ಅಂತ ಸಾಬೀತಾದರೆ ನನಗೆ ಪಿಎಚ್‌ಡಿ. ಇಲ್ಲದಿದ್ದರೆ ಎಂಟು ವರ್ಷ ನೀರಲ್ಲಿ ಹೋಮ.

ಥೀಸಿಸ್ ಸಲ್ಲಿಸಲು ಡಿಸೆಂಬರ್ 31 ಕೊನೆಯ ಗಡುವು. ಇನ್ನು ಎಕ್ಸ್‌ಟೆನ್ಶನ್ ಇಲ್ಲ. ಅಕ್ಟೋಬರ್ 13ಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಸ್ಲಾಟ್ ಸಿಕ್ಕಿದೆ.

ಸೆಪ್ಟೆಂಬರ್ 27. ಊರು

ಲ್ಯಾಬಿಗೆ ಸುಣ್ಣ ಹೊಡೆಯುತ್ತಿದ್ದಾರೆ. ಚಿಪ್ಪುಗಳ ಡಬ್ಬಿ ಅಲ್ಲಿ ಬಿಡಲು ಧೈರ್ಯ ಬರಲಿಲ್ಲ. ಆನವಟ್ಟಿಯಲ್ಲಿ ಇಳಿಯುವವರೆಗೂ ತೊಡೆಯ ಮೇಲೇ ಇಟ್ಟುಕೊಂಡಿದ್ದೆ.

ಅಪ್ಪ ಕುರಿಗಳಿಗೆ ಜಂತಿನ ಔಷಧಿ ಕುಡಿಸುತ್ತಿದ್ದ. ಡಬ್ಬಿಯೊಳಗೆ ಇಣುಕಿದ.

"ಕಲ್ಲು ನೋಡದೂ ಒಂದ್ ಕೆಲ್ಸಾನೇನವ್ವ?"

ಮೂವತ್ತೊಂಬತ್ತು ವರ್ಷ ನನಗೆ. ಇದೇ ಪ್ರಶ್ನೆ ಎಷ್ಟನೆಯ ಸಲವೋ. ಸಿಟ್ಟು ಬಂತು, ನುಂಗಿಕೊಂಡೆ. ಅವ್ವ ಮಾತ್ರ ಕೂತು ಕೇಳಿದಳು. ಹೇಳಿದೆ — ದಂತಚಿಪ್ಪಿನಲ್ಲಿ ಎರಡು ಗಣ. ಡೆಂಟಾಲಿಡದಲ್ಲಿ ಹೀಗೆ ಏಣು ಇರುವವು ಹೆಚ್ಚು. ಗ್ಯಾಡಿಲಿಡದವು ಸಾಮಾನ್ಯವಾಗಿ ನುಣುಪು. ಒಳಗಿನ ಪ್ರಾಣಿ ಎಂದೋ ಕರಗಿಹೋಗಿದೆ, ಇನ್ನು ಈ ಏಣೇ ಗುರುತು.

"ಕಿವಿ ಕತ್ರಿಸಿರೋ ಗುರ್ತು ನೋಡಿ ಕುರಿ ಯಾರ್ದು ಅಂತೀವಲ್ಲ, ಹಂಗಾ?"

ಹಾಗೇ. ನನ್ನ ಗೈಡ್ ಕೂಡ ಇಷ್ಟು ಬೇಗ ಹಿಡಿದಿರಲಿಲ್ಲ.

ಸೆಪ್ಟೆಂಬರ್ 30. ಶಿಕಾರಿಪುರ

ಪರೀಕ್ಷೆ ಡ್ಯೂಟಿ. ಲ್ಯಾಬಿನ ಸುಣ್ಣ ಇನ್ನೂ ಮುಗಿದಿಲ್ಲ, ಡಬ್ಬಿ ಊರಲ್ಲೇ ಇದೆ, ದೇವರ ಗೂಡಿನಲ್ಲಿ. ಅಲ್ಲಿ ಯಾರೂ ಕೈ ಹಾಕುವುದಿಲ್ಲ.

ಅಕ್ಟೋಬರ್ 1. ಊರು, ಸಂಜೆ

ಆಯುಧಪೂಜೆ. ಜಗುಲಿಯ ಮೇಲೆ ಕಂಬಳಿ ಹಾಸಿದ್ದರು. ಉಣ್ಣೆ ಕತ್ತರಿಸುವ ಕತ್ತರಿ, ಕುಡುಗೋಲು, ತಮ್ಮ ಮಾಳೇಶನ ಬೈಕಿನ ಕೀ. ಪಕ್ಕದಲ್ಲಿ ಹಿತ್ತಾಳೆ ತಟ್ಟೆ. ಅದರಲ್ಲಿ ನನ್ನ ಹನ್ನೊಂದೂ, ಸಾಲಾಗಿ. ಕುಂಕುಮ. ಚೆಂಡುಹೂವು. ಬೆಳ್ಳಗೆ ಹೊಳೆಯುತ್ತಿದ್ದವು.

"ನಿಮ್ಮಪ್ಪನೇ ಅಂದಿದ್ದು ಕಣೆ, ಜ್ಯೋತೀದೂ ಇಡು, ಅದೂ ಆಯುಧನೇ ಅಲ್ವಾ ಅಂತ." ಅವ್ವನ ಮುಖದ ತುಂಬ ನಗು. "ಗೆರೆ ಗೆರೆಯಾಗಿ ಕೊಳೆ ಕೂತಿತ್ತು. ಹುಣ್ಸೆಹಣ್ಣಲ್ಲಿ ನೆನೆ ಹಾಕಿ ತೆಂಗಿನ್ ನಾರಲ್ಲಿ ತಿಕ್ಕಿದೀನಿ."

"ಎಷ್ಟೊತ್ತು ನೆನೆ ಹಾಕಿದ್ದೆ?"

"ನಿನ್ನೆ ಮಧ್ಯಾಹ್ನ ಹಾಕ್ದೋಳು ಬೆಳಿಗ್ಗೆ ತೆಗ್ದೆ. ಸೋಪು ಹಾಕ್ದಂಗೆ ನೊರೆ ಬಂತು ನೋಡು!"

ಚಿಪ್ಪಿನ ಸುಣ್ಣಕ್ಕೆ ಹುಳಿ ಬಿದ್ದರೆ ನೊರೆಯಾಗಿ ಕರಗುತ್ತದೆ. ವರ್ಷಕ್ಕೊಮ್ಮೆ ಮಕ್ಕಳಿಗೆ ಪ್ರಾಕ್ಟಿಕಲ್‌ನಲ್ಲಿ ನಾನೇ ತೋರಿಸುತ್ತೇನೆ.

ಮಂಗಳಾರತಿ ತಗೊಂಡೆ. ಅಪ್ಪ ಮೊದಲ ಸಲ ನನ್ನ ಕೈಯಲ್ಲಿ ತೆಂಗಿನಕಾಯಿ ಒಡೆಸಿದ.

ಅಕ್ಟೋಬರ್ 2

ಲೆನ್ಸ್ ಹಿಡಿದು ನೋಡಿದೆ. ತುದಿ ಇಲ್ಲ. ಒಂದು ಏಣೂ ಇಲ್ಲ. ಏಳು ಕೋಟಿ ವರ್ಷ ಬಾಳಿದ್ದನ್ನು ಅವ್ವ ಒಂದು ರಾತ್ರಿಯಲ್ಲಿ ಬೇರೆ ಗಣಕ್ಕೆ ಸೇರಿಸಿಬಿಟ್ಟಳು. ನಗು ಬರಬೇಕಿತ್ತು.

ಗ್ಯಾಡಿಲಿಡ ಅಂತಲೂ ಹೇಳಲಾಗದು. ದಂತಚಿಪ್ಪುಗಳು ಮೊದಲು ಯಾವಾಗ ಹುಟ್ಟಿದವು ಎಂಬುದಕ್ಕೇ ಇನ್ನೂ ಜಗಳ. ಬಹಳ ಹಳೆಯವು ಎಂದು ಹೆಸರಾದ ಕೆಲವು ಬರೀ ಹುಳುವಿನ ಕೊಳವೆ ಇರಬಹುದು ಎಂಬ ಅನುಮಾನ. ಇವನ್ನೂ ಈಗ ಯಾರು ಬೇಕಾದರೂ ಹುಳುವಿನ ಕೊಳವೆ ಅಂದುಬಿಡಬಹುದು.

ಅವ್ವನಿಗೆ ಹೇಳಿಲ್ಲ.

ಅಕ್ಟೋಬರ್ 5. ಶಿಕಾರಿಪುರ

ಗೈಡ್ ಸದಾಶಿವಪ್ಪನವರಿಗೆ ಫೋನ್ ಮಾಡಿದೆ.

"ಫೋಟೋ ಇದೆಯೇನ್ರೀ?"

ಮೊಬೈಲಿನಲ್ಲಿ ನಾಲ್ಕು. ಸ್ಕೇಲ್ ಇಟ್ಟಿರಲಿಲ್ಲ. ತುದಿ ಮಸುಕು. ಒಳ್ಳೆಯದನ್ನು 13ಕ್ಕೆ ತೆಗೆಯುತ್ತೇವಲ್ಲ ಅಂದುಕೊಂಡಿದ್ದೆ.

"ಇದರ ಮೇಲೆ ಪ್ರಭೇದ ನಿಲ್ಲಲ್ಲ ಕಣ್ರೀ. ಮತ್ತೆ ಅರಿಯಲೂರಿಗೆ ಹೋಗಿ ಬನ್ನಿ."

ಆ ಗುಂಡಿಯಲ್ಲಿ ಈಗ ನಲವತ್ತು ಅಡಿ ನೀರು. ಅವರಿಗೂ ಗೊತ್ತು. ಏನಾದರೂ ಹೇಳಬೇಕಲ್ಲ, ಹೇಳಿದರು.

ಅಕ್ಟೋಬರ್ 13

ಸ್ಲಾಟ್ ಬೇರೆಯವರಿಗೆ ಹೋಯಿತು. ಬೆಳಿಗ್ಗೆ ಸೆಕೆಂಡ್ ಇಯರ್‌ಗೆ ಮೃದ್ವಂಗಿಗಳ ಪಾಠ. ದಂತಚಿಪ್ಪಿಗೆ ಸಿಲಬಸ್‌ನಲ್ಲಿ ಎರಡು ಸಾಲು. ಓದಿ ಮುಂದಕ್ಕೆ ಹೋದೆ.

ಅಕ್ಟೋಬರ್ 22. ಊರು

ದೀಪಾವಳಿ. ಅವ್ವ ಕೇಳಿದಳು, "ನಿಮ್ ಸರ್ ನೋಡಿದ್ರಾ? ಏನಂದ್ರು?"

"ಚೆನ್ನಾಗಿ ತೊಳೆದಿದಾರೆ ಅಂದ್ರು."

"ಮುಂದಿನ್ ಆಯುಧಪೂಜೇಲಿ ಕತ್ರಿಗಿಂತ ಮುಂಚೆ ಅದ್ನೇ ಇಡನ," ಅಂದ ಅಪ್ಪ. ತಮಾಷೆಗಲ್ಲ.

ಹೂಂ ಅಂದೆ. ಕುರಿಹಟ್ಟಿಯ ಕಡೆ ಹೋಗಿ ಅತ್ತೆ. ಇಪ್ಪತ್ತು ವರ್ಷ ಈ ಮಾತಿಗೆ ಕಾದಿದ್ದೆ. ಯಾಕಾದರೂ ಅಂದನೋ.

ನವೆಂಬರ್ 10. ಶಿಕಾರಿಪುರ

ಪಿಎಚ್‌ಡಿ ನೋಂದಣಿ ರದ್ದತಿಯ ಅರ್ಜಿ. "ಕಾರಣ" ಎಂಬಲ್ಲಿ ಒಂದೂವರೆ ಸಾಲು ಜಾಗ. "ಮನೆಯವರಿಂದ" ಅಂತ ಶುರು ಮಾಡಿ ಹರಿದೆ. ಇನ್ನೊಂದು ಫಾರಂ. "ಸಂಶೋಧಕಿಯ ಸ್ವಂತ ಅಜಾಗರೂಕತೆಯಿಂದ." ಸುಳ್ಳಲ್ಲ. ಹುಳಿಯ ವಿಷಯ ಗೊತ್ತಿದ್ದದ್ದು ಆ ಮನೆಯಲ್ಲಿ ನನಗೊಬ್ಬಳಿಗೇ. ಸಹಿ ಹಾಕಿದೆ.

ಈಗಷ್ಟೇ ಅವ್ವನ ಫೋನ್. ಆನವಟ್ಟಿಯಲ್ಲಿ ಸೀರೆ ತಗೊಂಡಿದ್ದಾಳೆ. ನಾನು ಡಾಕ್ಟರ್ ಆಗುವ ದಿನ ಉಟ್ಟುಕೊಂಡು ಬರುತ್ತಾಳಂತೆ, ಅಪ್ಪನೂ ಬರುತ್ತಾನಂತೆ. ಕುರಿ ಕಾಯಲು ಜನ ಗೊತ್ತು ಮಾಡಬೇಕು, ತಾರೀಖು ಹೇಳು ಅಂದಳು. ಹೇಳಿದೆ — ಡಿಸೆಂಬರ್ 31.